ಇನ್ನೊಂದು ತುದಿ ಹಿಡಿದವಳು

ಜನವರಿ ೧೧

ಪ್ರಕಾಶನದ ಸಂಪಾದಕರಿಗೆ,

ನಮಸ್ಕಾರ. ಭಾನುವಾರದ ಪತ್ರಿಕೆಯಲ್ಲಿ ನಿಮ್ಮ ಜಾಹೀರಾತು ನೋಡಿದೆ. ‘ಬದುಕಿನ ಎಲ್ಲ ರಂಗಗಳಿಂದ ಹೊಸ ಲೇಖಕರು ಬೇಕಾಗಿದ್ದಾರೆ’ ಎಂದು ದಪ್ಪ ಅಕ್ಷರದಲ್ಲಿತ್ತು. ಎಲ್ಲ ರಂಗ ಎಂದಮೇಲೆ ಆಸ್ಪತ್ರೆಯ ಲಾಂಡ್ರಿಯೂ ಅದರಲ್ಲಿ ಬಂತಲ್ಲವೇ ಎಂದುಕೊಂಡು ಈ ಕಟ್ಟು ಕಳಿಸುತ್ತಿದ್ದೇನೆ. ಐದು ನೋಟ್‌ಬುಕ್ಕು, ಎರಡೂ ಬದಿ ಬರೆದದ್ದು. ಪುಸ್ತಕದ ಹೆಸರು ‘ನಾಲ್ಕು ಮಡಿಕೆ’.

ಪರಿಚಯ ನೂರು ಪದ ಮೀರಬಾರದು ಎಂದಿದ್ದೀರಿ. ನನ್ನದು ಅಷ್ಟೊಂದು ಇಲ್ಲ. ವಯಸ್ಸು ಐವತ್ತನಾಲ್ಕು. ಓದಿದ್ದು ಏಳನೇ ಕ್ಲಾಸು. ಇಪ್ಪತ್ತಾರು ವರ್ಷದಿಂದ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಡ್‌ಶೀಟು ಮಡಚುತ್ತಿದ್ದೇನೆ. ಗಂಡ ಇಲ್ಲ. ಮಗಳಿದ್ದಾಳೆ, ನನಗಿಂತ ಜೋರು. ಎತ್ತರ ಜಾಸ್ತಿ ಆದ್ದರಿಂದ ಲಾಂಡ್ರಿಯಲ್ಲಿ ಎಲ್ಲರೂ ನನ್ನನ್ನು ಕೊಕ್ಕರೆ ಎಂದೇ ಕರೆಯುವುದು.

‘ಈ ಹಿಂದೆ ಪ್ರಕಟವಾದ ಕೃತಿಗಳು’ ಎಂದು ಇನ್ನೊಂದು ಕೇಳಿದ್ದೀರಿ. ದಿನಕ್ಕೆ ನಾನೂರು ಬೆಡ್‌ಶೀಟು. ಈ ಊರಿನ ಅರ್ಧ ಜನ ಅದರ ಮೇಲೆ ಹುಟ್ಟಿದ್ದಾರೆ, ಉಳಿದರ್ಧ ಅದರ ಮೇಲೆ ನರಳಿದ್ದಾರೆ. ಚೆನ್ನಾಗಿದೆ ಎಂದು ಯಾರೂ ಹೇಳಿ ಕಳಿಸಿಲ್ಲ. ಕಲೆ ಉಳಿದಿದ್ದರೆ ಮಾತ್ರ ವಾಪಸ್ಸು ಬರುತ್ತದೆ. ನಿಮ್ಮಲ್ಲೂ ಅದೇ ಪದ್ಧತಿಯಾದರೆ ನನಗೇನೂ ಬೇಸರವಿಲ್ಲ, ಆದರೆ ಕಲೆ ಎಲ್ಲಿದೆ ಎಂದು ತೋರಿಸಿ.

ಇಂತಿ,
ಕೊಕ್ಕರೆ
ಮಡಿಕೆ ವಿಭಾಗ, ಆಸ್ಪತ್ರೆ ಲಾಂಡ್ರಿ


ಫೆಬ್ರವರಿ ೨

ಮಾನ್ಯರೇ,

ತಾವು ಕಳುಹಿಸಿದ ಹಸ್ತಪ್ರತಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ತಮ್ಮ ಬರವಣಿಗೆಯಲ್ಲಿ ಸತ್ವವಿದ್ದರೂ ಪ್ರಸ್ತುತ ನಮ್ಮ ಪ್ರಕಟಣಾ ಯೋಜನೆಗೆ ಅದು ಹೊಂದಿಕೆಯಾಗುವುದಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ. ಹಸ್ತಪ್ರತಿಯನ್ನು ಇದರೊಂದಿಗೆ ಹಿಂತಿರುಗಿಸಲಾಗಿದೆ. ತಮ್ಮ ಸಾಹಿತ್ಯ ಕೃಷಿ ಮುಂದುವರಿಯಲಿ.

ಪ್ರಕಾಶನದ ಪರವಾಗಿ


ಫೆಬ್ರವರಿ ೯

ಸಂಪಾದಕರೇ,

ನಿಮ್ಮ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಸತ್ವವೂ ಇದೆಯಂತೆ, ಬೇಡವೂ ಬೇಡವೇ ಅಂತೆ. ಇರಲಿ. ನನ್ನ ಸಿಟ್ಟು ಅದಕ್ಕಲ್ಲ.

ನಮ್ಮ ಲಾಂಡ್ರಿಯಲ್ಲಿ ಮೂಟೆಗೆ ಹಾಕುವ ಗಂಟು ಬೇರೆ ಥರ. ದಾರದ ಒಂದು ತುದಿಯನ್ನು ಒಳಗೆ ಮಡಚಿ ಬಿಟ್ಟಿರುತ್ತೇವೆ. ಗೊತ್ತಿದ್ದವರು ಎಳೆದರೆ ಒಂದೇ ಸಲಕ್ಕೆ ಬಿಚ್ಚುತ್ತದೆ, ಗೊತ್ತಿಲ್ಲದವರಿಗೆ ಕತ್ತರಿಯೇ ಬೇಕು. ನಿಮ್ಮ ಕಟ್ಟಿಗೂ ಅಭ್ಯಾಸಬಲದಿಂದ ಅದೇ ಗಂಟು ಹಾಕಿದ್ದೆ. ಅದು ಹೇಗೆ ಹೋಯಿತೋ ಹಾಗೇ ಬಂದಿದೆ. ದಾರ ಕತ್ತರಿಸಿಲ್ಲ, ಗಂಟು ಸಡಿಲವಾಗಿಲ್ಲ. ಕೂಲಂಕಷವಾಗಿ ನೋಡಿದ್ದು ಕಟ್ಟಿನ ಹೊರಗಿನ ಕಾಗದವನ್ನು ಇರಬೇಕು.

ನಾವು ಎಂಥ ಮೂಟೆ ಬಂದರೂ ಬಿಚ್ಚುತ್ತೇವೆ. ಮೂಗು ಮುಚ್ಚಿಕೊಂಡಾದರೂ ಬಿಚ್ಚಿ, ಜೇಬುಗಳಿಗೆ ಕೈ ಹಾಕಿ ನೋಡಿ, ಆಮೇಲೇ ಮುಂದಿನ ಮಾತು. ಬಿಚ್ಚದೆ ವಾಪಸ್ಸು ಕಳಿಸಿದ್ದು ಗೊತ್ತಾದರೆ ಮೇಲ್ವಿಚಾರಕ ಒಂದು ದಿನದ ಕೂಲಿ ಹಿಡಿಯುತ್ತಾನೆ. ನಿಮ್ಮ ಮೇಲ್ವಿಚಾರಕರು ಯಾರೋ ನನಗೆ ಗೊತ್ತಿಲ್ಲ, ಗೊತ್ತಾದರೆ ಅವರಿಗೂ ಒಂದು ಕಾಗದ ಹಾಕುತ್ತಿದ್ದೆ.

ಕಟ್ಟು ಮತ್ತೆ ಕಳಿಸಿದ್ದೇನೆ. ಈ ಸಲ ಸಾದಾ ಗಂಟು, ಮಕ್ಕಳೂ ಬಿಚ್ಚಬಹುದು.

ಕೊಕ್ಕರೆ


ಮಾರ್ಚ್ ೧

ಮಾನ್ಯರೇ,

ನೀವು ಬರೆದದ್ದು ನಿಜ. ಮೊದಲ ಸಲ ಕಟ್ಟು ಬಿಚ್ಚಿರಲಿಲ್ಲ. ಕ್ಷಮಿಸಿ.

ಈಗ ಬಿಚ್ಚಿದ್ದೇನೆ, ಐದೂ ನೋಟ್‌ಬುಕ್ಕು ಓದಿದ್ದೇನೆ. ನಾಲ್ಕನೆಯದನ್ನು ಬಸ್ಸಿನಲ್ಲಿ ಓದುತ್ತಾ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ. ಡಾಕ್ಟರ ಕೋಟಿನ ಕಥೆ ಮನಸ್ಸಿನಿಂದ ಹೋಗುತ್ತಿಲ್ಲ. ಎರಡು ವರ್ಷ ಪ್ರತಿ ಶುಕ್ರವಾರ ಕೋಟಿನ ಜೇಬಿನಲ್ಲಿ ಅದೇ ರಾಜೀನಾಮೆ ಪತ್ರ ಬರುವುದು, ನೀವು ಅದನ್ನು ತೆಗೆದಿಟ್ಟು ಇಸ್ತ್ರಿಯಾದ ಮೇಲೆ ಮತ್ತೆ ಅದೇ ಜೇಬಿಗೆ ಸೇರಿಸುವುದು, ಒಂದು ಶುಕ್ರವಾರ ಜೇಬು ಖಾಲಿಯಾಗಿ ಬರುವುದು. ಆ ಡಾಕ್ಟರು ಕೆಲಸ ಬಿಟ್ಟರೋ ಕಾಗದ ಹರಿದರೋ ಎಂದು ನೀವು ಹೇಳದೆ ಬಿಟ್ಟಿದ್ದು ಸರಿಯಾಗಿದೆ.

ನಮ್ಮ ಸಂಪಾದಕ ವಿಭಾಗದ ಅಭಿಪ್ರಾಯದಂತೆ ಒಂದೇ ಒಂದು ತೊಂದರೆ ಇದೆ. ವಾಕ್ಯಗಳು ತೀರ ಗಿಡ್ಡ. ಏದುಸಿರು ಬಿಡುತ್ತಾ ಮಾತಾಡಿದ ಹಾಗೆ ಕೇಳುತ್ತವೆ. ಪ್ರತಿ ಪ್ಯಾರಾ ನಾಲ್ಕೇ ಸಾಲಿಗೆ ನಿಂತುಬಿಡುತ್ತದೆ. ಆದ್ದರಿಂದ ಮಾದರಿಗೆಂದು ಕೋಟಿನ ಅಧ್ಯಾಯದ ವಾಕ್ಯಗಳನ್ನು ಕೂಡಿಸಿ ಟೈಪ್ ಮಾಡಿ ಕಳಿಸಿದ್ದೇವೆ. ನಿಮ್ಮ ಮೂಲ ಹೀಗಿತ್ತು:

ಕೋಟು ಬಂತಾ.
ಬಂತು, ಜೇಬಲ್ಲಿ ಅದೇ ರಾಜೀನಾಮೆ.
ಹೋಗಲ್ಲ ಬಿಡು, ಇವನು ಹೋಗೋನಲ್ಲ.
ತಾರೀಖು ತಿದ್ದಿದ್ದಾನೆ.

ತಿದ್ದಿದ ಮೇಲೆ: ‘ಕೋಟು ಬಂದಿತೇ ಎಂದು ನೋಡಲಾಗಿ ಜೇಬಿನಲ್ಲಿ ಅದೇ ರಾಜೀನಾಮೆ ಪತ್ರವಿದ್ದು, ಈತನು ಹೋಗುವವನಲ್ಲವೆಂದು ನನಗೆ ಅನ್ನಿಸಿದರೂ ಸಹ ತಾರೀಖನ್ನು ತಿದ್ದಿರುವುದು ಕಂಡುಬಂದಿತು.’

ಓದುಗರಿಗೆ ಇದು ಸರಾಗವಾಗುತ್ತದೆ ಎಂದು ನಂಬಿದ್ದೇವೆ. ನಿಮ್ಮ ಒಪ್ಪಿಗೆ ಬಂದರೆ ಉಳಿದದ್ದನ್ನೂ ಹೀಗೇ ಮಾಡಬಹುದು.

ಪ್ರಕಾಶನದ ಪರವಾಗಿ


ಮಾರ್ಚ್ ೭

ಸಂಪಾದಕರೇ,

ನೀವು ಓದಿದಿರಿ ಎಂದು ತಿಳಿದು ಒಂದು ಗಳಿಗೆ ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ನಿಮ್ಮ ಟೈಪಿನ ಹಾಳೆ ಓದಿದೆ. ಖುಷಿ ಇಳಿಯಿತು.

ನೀವು ಎಂದಾದರೂ ದೊಡ್ಡ ಬೆಡ್‌ಶೀಟು ಮಡಚಿದ್ದೀರಾ? ಒಬ್ಬರ ಕೈಲಿ ಆಗುವುದಿಲ್ಲ. ಆ ತುದಿಗೊಬ್ಬರು, ಈ ತುದಿಗೊಬ್ಬರು. ಇಬ್ಬರೂ ಮೂಲೆ ಹಿಡಿದು ಎದುರು ನಿಲ್ಲಬೇಕು, ಒಂದು ಸಲ ಕೊಡವಬೇಕು, ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಹೀಗೆ ನಾಲ್ಕು ಸಲ. ಕೆಳಗಡೆ ಒಗೆಯುವ ಯಂತ್ರ, ಹಿಂಡುವ ಯಂತ್ರ, ಉರುಳುವ ಇಸ್ತ್ರಿ ಎಲ್ಲ ಸೇರಿ ಎಂಥ ಗದ್ದಲ ಎಂದರೆ ಆರಡಿ ದೂರದ ಮಾತು ಕೇಳುವುದಿಲ್ಲ. ಮೂಲೆ ಕೂಡಿಸಲು ಹತ್ತಿರ ಬಂದಾಗ ಮಾತ್ರ ಕೇಳುತ್ತದೆ. ಆಗ ಒಬ್ಬಳು ಒಂದು ಮಾತು ಹೇಳಿ ಹಿಂದೆ ಸರಿಯುತ್ತಾಳೆ. ಮತ್ತೆ ಹತ್ತಿರ ಬಂದಾಗ ಇನ್ನೊಬ್ಬಳ ಮಾತು. ಒಂದು ಬೆಡ್‌ಶೀಟಿಗೆ ನಾಲ್ಕು ಮಾತು, ತಲಾ ಎರಡು. ನಿಮಗೆ ನಾಲ್ಕು ಸಾಲಿನ ಪ್ಯಾರಾ ಕಂಡದ್ದು ಒಂದು ಬೆಡ್‌ಶೀಟು. ಮೊದಲನೆಯ ಮತ್ತು ಮೂರನೆಯ ಸಾಲು ನನ್ನದಲ್ಲ, ಕುಳ್ಳಿಯದು.

ಕುಳ್ಳಿ ಎಂದರೆ ನನ್ನ ಜೋಡಿ. ನನ್ನ ಭುಜದವರೆಗೂ ಬರುವುದಿಲ್ಲ, ಬೆಡ್‌ಶೀಟು ನೆಲಕ್ಕೆ ತಾಗದಿರಲೆಂದು ಕೈ ಎತ್ತಿಕೊಂಡೇ ನಿಲ್ಲುತ್ತಿದ್ದಳು. ಅವಳಿಗೆ ಓದು ಬರಹ ಬರುವುದಿಲ್ಲ. ಮಾತು ಮಾತ್ರ ಹರಿತ. ಐದು ನೋಟ್‌ಬುಕ್ಕಿನಲ್ಲಿ ನಿಮಗೆ ನಗು ಬಂದ ಕಡೆ ಎಲ್ಲ ಸಾಲು ಎಣಿಸಿ ನೋಡಿ, ಹತ್ತಕ್ಕೆ ಎಂಟು ಅವಳದೇ. ಒಂದು ಕೈಯಿಂದ ಚಪ್ಪಾಳೆಯಾಗುವುದಿಲ್ಲ. ನೀವು ಇಬ್ಬರ ಮಾತನ್ನೂ ಹೊಲಿದು ಒಂದೇ ಬಾಯಿಗೆ ಹಾಕಿದ್ದೀರಿ. ಆ ಬಾಯಿ ನೋಡಿದರೆ ಯಾವುದೋ ಕಚೇರಿಯ ಗುಮಾಸ್ತನದು. ‘ಕಂಡುಬಂದಿತು’ ಎಂದು ನಮ್ಮ ಲಾಂಡ್ರಿಯಲ್ಲಿ ಹೇಳುವವನು ಮೇಲ್ವಿಚಾರಕ ಒಬ್ಬನೇ, ಅದೂ ಏನಾದರೂ ಕಳುವಾದಾಗ.

ಒಂದು ಸಾಲನ್ನೂ ಕೂಡಿಸಕೂಡದು.

ಕೊಕ್ಕರೆ


ಮಾರ್ಚ್ ೨೫

ಮಾನ್ಯರೇ,

ನಿಮ್ಮ ಕಾಗದವನ್ನು ಮನೆಗೆ ಒಯ್ದೆ. ಹೆಂಡತಿಯನ್ನು ಕರೆದು ‘ಬಾ, ಬೆಡ್‌ಶೀಟು ಮಡಚೋಣ’ ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ‘ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಮೊದಲನೇ ಸಲ ಕೇಳ್ತಿದೀರಿ, ಆರೋಗ್ಯವಾಗಿದೀರ ತಾನೇ?’ ಎಂದಳು. ನಾನು ನೋಟ್‌ಬುಕ್ಕು ಕಿಟಕಿಯ ಮೇಲಿಟ್ಟು ನಿಮ್ಮ ಸಾಲು ಓದಿದೆ, ಕುಳ್ಳಿಯವರ ಸಾಲು ಅವಳು ಓದಿದಳು. ಹತ್ತಿರ ಬಂದಾಗ ಒಂದು, ದೂರ ಹೋಗಿ ಬಂದಾಗ ಇನ್ನೊಂದು. ಮೂರನೇ ಬೆಡ್‌ಶೀಟಿಗೆ ಅವಳು ನಗುತ್ತಾ ಮೂಲೆ ಕೈಬಿಟ್ಟಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆವು, ಕಥೆ ಮುಗಿಯುವವರೆಗೆ.

ನೀವು ಹೇಳಿದ್ದೇ ಸರಿ. ನನ್ನ ಹಾಳೆಯನ್ನು ಹರಿದು ಹಾಕಿದ್ದೇನೆ. ಈಗ ಸಾಲಿಗೆ ಸಾಲು ನಿಮ್ಮ ಬರಹದಂತೆಯೇ ಟೈಪ್ ಮಾಡುತ್ತಿದ್ದೇನೆ. ಮೇ ತಿಂಗಳಲ್ಲಿ ಆಯ್ಕೆ ಸಭೆಯಿದೆ, ಅದರ ಮುಂದೆ ಇಡಲಾಗುವುದು.

‘ನಿಲ್ಲುತ್ತಿದ್ದಳು’ ಎಂದು ಬರೆದಿದ್ದೀರಿ. ಕುಳ್ಳಿಯವರು ನಿವೃತ್ತರಾದರೇ?

ಪ್ರಕಾಶನದ ಪರವಾಗಿ


ಏಪ್ರಿಲ್ ೬

ಸಂಪಾದಕರೇ,

ಟೈಪಿನ ಹಾಳೆಗಳು ಬಂದವು. ಬಿಡುವಿನಲ್ಲಿ ಕುಳ್ಳಿಯನ್ನು ಕೂರಿಸಿಕೊಂಡು ಓದಿದೆ. ‘ನಾನು ಇಷ್ಟೆಲ್ಲಾ ಮಾತಾಡಿದೀನಾ? ಸುಳ್ಳು’ ಎಂದಳು. ಎರಡು ಕಡೆ ನಾನು ನನ್ನ ಮಾತನ್ನು ಸ್ವಲ್ಪ ಜಾಣತನದ್ದಾಗಿ ಮಾಡಿಕೊಂಡಿದ್ದೆ, ಅದನ್ನು ಹಿಡಿದುಹಾಕಿದಳು. ‘ಅವತ್ತು ನೀನು ಹಿಂಗ್ ಹೇಳಿಲ್ಲ ಕಣೇ. ಬಾಯಿ ಬಿಟ್ಕೊಂಡು ನಿಂತಿದ್ದೆ, ಅಷ್ಟೇ.’ ಅದು ನಿಜ. ತಿದ್ದಿದ ಹಾಳೆ ಜೊತೆಗಿದೆ.

ಅವಳು ನಿವೃತ್ತಳಾಗಿಲ್ಲ. ಮಡಿಕೆ ವಿಭಾಗದಿಂದ, ಕೊಳೆ ಬಟ್ಟೆ ಬಂದಿಳಿಯುವ ಮೂಟೆ ಬಾಗಿಲಿಗೆ ಹಾಕಿದ್ದಾರೆ, ಅಷ್ಟೇ. ಈಗ ನನ್ನ ಎದುರು ಒಂದು ಕಬ್ಬಿಣದ ಚಿಮ್ಮಟ ನಿಲ್ಲಿಸಿದ್ದಾರೆ. ಅದು ಬೆಡ್‌ಶೀಟಿನ ಎರಡು ಮೂಲೆ ಕಚ್ಚಿ ಹಿಡಿದುಕೊಳ್ಳುತ್ತದೆ. ಕೆಲಸ ಆಗುತ್ತದೆ. ಮಾತಿಲ್ಲ. ಮಾತಿಲ್ಲದ್ದಕ್ಕೇ ಬರೆಯಲು ಕೂತದ್ದು.

ಸಭೆಯಲ್ಲಿ ಏನಾಯಿತು ಎಂದು ತಕ್ಷಣ ಬರೆಯಿರಿ.

ಕೊಕ್ಕರೆ


ಜೂನ್ ೧೮

ಸಂಪಾದಕರೇ,

ಮೇ ಹೋಗಿ ಜೂನೂ ಮುಗಿಯುತ್ತಾ ಬಂತು. ನಿಮ್ಮ ಸಭೆ ಇನ್ನೂ ನಡೆಯುತ್ತಿದೆಯೇ? ಊಟಕ್ಕಾದರೂ ಬಿಡುತ್ತಾರೆಯೇ? ದಿನಾ ಮೂಟೆ ಬಾಗಿಲ ಹತ್ತಿರ ಹೋದಾಗ ಕುಳ್ಳಿ ಬಾಯಿಬಿಟ್ಟು ಕೇಳುವುದಿಲ್ಲ, ನನ್ನ ಕೈ ನೋಡುತ್ತಾಳೆ, ಕಾಗದ ಇದೆಯೋ ಎಂದು.

ಕೊಕ್ಕರೆ


ಜುಲೈ ೮

ಮಾನ್ಯರೇ,

ಸಿಹಿ ಸುದ್ದಿ. ಪುಸ್ತಕ ಸ್ವೀಕೃತವಾಗಿದೆ. ನವೆಂಬರಿನಲ್ಲಿ ಹೊರಬರಲಿದೆ. ಮಾಲೀಕರೇ ಖುದ್ದಾಗಿ ಓದಿ ಮೆಚ್ಚಿದ್ದಾರೆ. ಈ ತಡವೆಲ್ಲ ಅದಕ್ಕೇ ಆದದ್ದು, ಬೈದುಕೊಳ್ಳಬೇಡಿ.

ಕೆಲವು ಸಣ್ಣ ಬದಲಾವಣೆಗಳಿವೆ. ಪುಸ್ತಕದ ಹೆಸರು ‘ಬಿಳಿ ಬಟ್ಟೆಯ ಕಣ್ಣೀರು’. ಮುಖಪುಟಕ್ಕೆ ದಣಿದ ಎರಡು ಕೈಗಳ ಚಿತ್ರ. ಒಬ್ಬ ಹಿರಿಯ ಸಾಹಿತಿಯವರು ಹದಿನೈದು ಪುಟದ ಮುನ್ನುಡಿ ಬರೆಯಲು ಒಪ್ಪಿದ್ದಾರೆ. ಲೇಖಕಿಯಾಗಿ ನಿಮ್ಮ ಹೆಸರು ಇರುತ್ತದೆ. ಕುಳ್ಳಿಯವರನ್ನು ಒಳಗಡೆ ‘ಕೃತಜ್ಞತೆಗಳು’ ಎಂಬಲ್ಲಿ ನೆನೆಯಬಹುದು. ಒಬ್ಬ ಸಾಮಾನ್ಯ ಹೆಣ್ಣುಮಗಳು ಒಂಟಿಯಾಗಿ ಹೋರಾಡಿ ಬರೆದಳು ಎಂದರೆ ಓದುಗರ ಮನಸ್ಸು ಮುಟ್ಟುತ್ತದೆ ಎಂಬುದು ಮಾಲೀಕರ ಎಣಿಕೆ.

ನಿಮಗೆ ಎಷ್ಟು ಸಂತೋಷವಾಗಿರುತ್ತದೆ ಎಂದು ಇಲ್ಲಿಂದಲೇ ಕಾಣುತ್ತಿದೆ.

ಪ್ರಕಾಶನದ ಪರವಾಗಿ


ಜುಲೈ ೧೪

ಸಂಪಾದಕರೇ,

ನಿಮಗೆ ಕಾಣುವುದು ಏನೂ ಸರಿಯಿಲ್ಲ. ಕನ್ನಡಕ ಬದಲಾಯಿಸಿ.

ಇಡೀ ಪುಸ್ತಕದಲ್ಲಿ ಅಳುವವನು ಮೇಲ್ವಿಚಾರಕ ಒಬ್ಬನೇ, ಅದೂ ಹಲ್ಲುನೋವಿಗೆ. ಇನ್ನು ಯಾರ ಕಣ್ಣೀರು ಅದು? ನಾನು ಒಂಟಿಯಾಗಿ ಹೋರಾಡಲಿಲ್ಲ. ಒಂಟಿಯಾಗಿದ್ದರೆ ಒಂದು ದಿಂಬಿನ ಚೀಲವನ್ನೂ ಬರೆಯಲು ಆಗುತ್ತಿರಲಿಲ್ಲ. ಮುನ್ನುಡಿ ಬರೆಯುವ ಹಿರಿಯರು ಬೇಕಾದರೆ ಬಂದು ನನ್ನ ಎದುರಿನ ತುದಿ ಹಿಡಿಯಲಿ, ಅರ್ಧ ಗಂಟೆಯಲ್ಲಿ ಅವರ ಹದಿನೈದು ಪುಟ ಹದಿನೈದು ಸಾಲಿಗೆ ಇಳಿಯುತ್ತದೆ.

ಇದೆಲ್ಲ ಹೋಗಲಿ. ಕುಳ್ಳಿಯ ಹೆಸರಿನ ವಿಚಾರಕ್ಕೆ ಬರುತ್ತೇನೆ. ನಿಮಗೆ ಒಂದು ಸಂಗತಿ ಹೇಳಿರಲಿಲ್ಲ. ಕನಿಕರ ಬೇಡವಾಗಿತ್ತು, ಅದಕ್ಕೆ ಹೇಳಿರಲಿಲ್ಲ.

ಉರುಳುವ ಇಸ್ತ್ರಿ ಎಂದೆನಲ್ಲ, ಅದು ಮಂಚದಷ್ಟು ಅಗಲದ ಕಬ್ಬಿಣದ ಉರುಳೆ, ಒಳಗೆ ಹಬೆ. ಒದ್ದೆ ಬೆಡ್‌ಶೀಟನ್ನು ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಒಣಗಿ ಬರುತ್ತದೆ. ಮುಂದುಗಡೆ ಒಂದು ತಡೆಪಟ್ಟಿ ಇರುತ್ತದೆ. ಕೈ ತಾಗಿದರೆ ಸಾಕು, ಉರುಳೆ ನಿಲ್ಲಬೇಕು. ಅದು ದಿನಕ್ಕೆ ಹತ್ತು ಸಲ ಸುಮ್ಮಸುಮ್ಮನೆ ನಿಂತು ಕೆಲಸ ತಡವಾಗುತ್ತದೆ ಎಂದು ಮೇಲ್ವಿಚಾರಕ ಆ ಪಟ್ಟಿಯನ್ನು ಬಟ್ಟೆಯ ಚೂರಿನಿಂದ ಕಟ್ಟಿಸಿದ್ದ. ಎರಡು ವರ್ಷದ ಹಿಂದೆ, ಇಸ್ತ್ರಿಯವಳು ರಜೆ ಹಾಕಿದ ದಿನ, ಕುಳ್ಳಿಯನ್ನು ಅಲ್ಲಿಗೆ ಕಳಿಸಿದರು. ಬೆಡ್‌ಶೀಟಿನ ಮೂಲೆ ಸುಕ್ಕಾಯಿತೆಂದು ಎಳೆಯಲು ಹೋದಳು. ಪಟ್ಟಿಗೆ ಕೈ ತಾಗಿತು. ಉರುಳೆ ನಿಲ್ಲಲಿಲ್ಲ. ಬಲಗೈಯ ನಾಲ್ಕು ಬೆರಳು ಹೋದವು. ನಾನು ಓಡಿಹೋಗಿ ಗುಂಡಿ ಒತ್ತುವಷ್ಟರಲ್ಲಿ ಆಗಬಾರದ್ದು ಆಗಿತ್ತು.

ಮೂರನೇ ದಿನ ಗಡಿಯಾರದ ಕೆಳಗೆ ಒಂದು ನೋಟೀಸು ಬಂತು, ಅಚ್ಚು ಹಾಕಿಸಿದ್ದು. ‘ಕಾರ್ಮಿಕಳ ಅಜಾಗರೂಕತೆಯಿಂದ ಅಪಘಾತ ಸಂಭವಿಸಿದ್ದು, ಇತರರು ಇದರಿಂದ ಪಾಠ ಕಲಿಯತಕ್ಕದ್ದು.’ ಕೆಳಗೆ ಅವಳ ಹೆಸರು, ತಂದೆಯ ಹೆಸರು ಸಮೇತ. ಬ್ಯಾಂಡೇಜು ಸುತ್ತಿಕೊಂಡು ಬಂದವಳು ನನ್ನನ್ನು ಕೇಳಿದಳು, ‘ಏನ್ ಬರ್ದಿದಾರೆ ಅದ್ರಲ್ಲಿ?’ ನಾನು ಓದಿ ಹೇಳಿದೆ. ಬೇರೆ ಏನಾದರೂ ಹೇಳಬಹುದಿತ್ತು, ಹೇಳಲಿಲ್ಲ, ಅವಳಿಗೆ ನಾನು ಎಂದೂ ಸುಳ್ಳು ಹೇಳಿಲ್ಲ. ‘ಹೌದಾ’ ಎಂದಳು, ಅಷ್ಟೇ. ಹೋಗಿ ಎಡಗೈಯಲ್ಲಿ ಮೂಟೆ ಎಳೆಯತೊಡಗಿದಳು.

ಐವತ್ತು ವರ್ಷದ ಬಾಳಿನಲ್ಲಿ ಅವಳ ಹೆಸರು ಅಚ್ಚಾಗಿದ್ದು ಅದೊಂದೇ ಸಲ. ಇನ್ನೊಂದು ಸಲ ಅಚ್ಚಾಗಬೇಕು, ಪುಸ್ತಕದ ಮೇಲೆ, ನನ್ನ ಹೆಸರಿನ ಪಕ್ಕದಲ್ಲಿ, ಅಷ್ಟೇ ದೊಡ್ಡದಾಗಿ. ಕೃತಜ್ಞತೆ ಗಿತಜ್ಞತೆ ಬೇಡ. ಆಗುವುದಿಲ್ಲ ಎಂದರೆ ನನ್ನ ಕಟ್ಟು ವಾಪಸ್ಸು ಕಳಿಸಿ. ಮೂಗಿಗೆ ತುಪ್ಪ ಸವರುವ ಕೆಲಸ ಬೇಡ.

ಕೊಕ್ಕರೆ


ಆಗಸ್ಟ್ ೧೦

ಅಕ್ಕಾ,

ಹೀಗೆ ಕರೆದಿದ್ದಕ್ಕೆ ಸಿಟ್ಟಾಗಬೇಡಿ. ಮಾನ್ಯರೇ ಎಂದು ಬರೆಯುವ ಮುಖ ನನಗಿಲ್ಲ.

ನಾನು ಸಂಪಾದಕನಲ್ಲ. ರವಾನೆ ಗುಮಾಸ್ತ. ಬಂದ ಹಸ್ತಪ್ರತಿಗಳಿಗೆ ಅಚ್ಚಾದ ವಿಷಾದಪತ್ರ ಲಗತ್ತಿಸಿ, ಅಂಚೆಚೀಟಿ ಹಚ್ಚಿ ವಾಪಸ್ಸು ಕಳಿಸುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. ಬಿಚ್ಚಿ ನೋಡು ಎಂದು ನನಗೆ ಯಾರೂ ಹೇಳಿಲ್ಲ. ‘ನಮ್ಮ ಸಂಪಾದಕ ವಿಭಾಗದ ಅಭಿಪ್ರಾಯ’ ಎಂದು ಬರೆದೆನಲ್ಲ, ಆ ವಿಭಾಗದಲ್ಲಿ ನಾನು ಮತ್ತು ನನ್ನ ಊಟದ ಡಬ್ಬಿ ಬಿಟ್ಟರೆ ಯಾರೂ ಇಲ್ಲ. ಊಟದ ಹೊತ್ತಿನಲ್ಲಿ ಟೈಪ್ ಮಾಡಿ, ಸಂಪಾದಕಿಯವರ ಮೇಜಿನ ಮೇಲೆ ಓದಬೇಕಾದ ಹಾಳೆಗಳ ನಡುವೆ ಸೇರಿಸಿಟ್ಟೆ. ಅವರು ಓದಿದರು, ಮಾಲೀಕರಿಗೆ ಕೊಟ್ಟರು. ಎಲ್ಲಿಂದ ಬಂತು ಎಂದು ಆಮೇಲೆ ವಿಚಾರಣೆಯಾಯಿತು. ಒಪ್ಪಿಕೊಂಡೆ.

ನಿಮ್ಮ ಕಾಗದವನ್ನು ಮಾಲೀಕರ ಕೋಣೆಯಲ್ಲಿ ನಿಂತು ಪೂರ್ತಿ ಓದಿ ಹೇಳಿದೆ. ಸಂಪಾದಕಿಯವರು ಕಣ್ಣು ಒರೆಸಿಕೊಂಡರು. ಮಾಲೀಕರೂ ಕಲ್ಲಲ್ಲ. ಮುನ್ನುಡಿ ಬೇಡ ಎಂದರು, ‘ನಾಲ್ಕು ಮಡಿಕೆ’ ಎಂಬ ಹೆಸರೇ ಇರಲಿ ಎಂದರು, ಚಿತ್ರವೂ ಹೋಯಿತು. ಎರಡನೇ ಹೆಸರಿಗೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ‘ಅಕ್ಷರ ಬಾರದವಳು ಲೇಖಕಿ ಹೇಗಾಗ್ತಾಳಯ್ಯ? ಹೆಬ್ಬೆಟ್ಟು ಒತ್ತೋರೆಲ್ಲ ಲೇಖಕರಾದ್ರೆ ನಾವು ಅಂಗಡಿ ಮುಚ್ಬೇಕಾಗುತ್ತೆ. ಬರ್ದಿರೋಳು ಸಹಿ ಹಾಕ್ಲಿ, ಅವಳ ಹೆಸರು ಹಾಕೋಣ’ ಎಂದರು.

ಒಪ್ಪಂದದ ಪತ್ರ ಇದರ ಜೊತೆಗಿದೆ. ‘ಲೇಖಕರ ಸಹಿ’ ಎಂದು ಒಂದೇ ಗೆರೆ ಇದೆ. ತಿಂಗಳ ಕೊನೆಯೊಳಗೆ ಬರದಿದ್ದರೆ ಕಟ್ಟನ್ನು ವಾಪಸ್ಸು ಕಳಿಸಲು ಆಜ್ಞೆಯಾಗಿದೆ. ಕಳಿಸಬೇಕಾದವನು ನಾನೇ.

ಅಕ್ಕಾ, ನೀವು ಸಹಿ ಹಾಕಿದರೂ ನಾನು ನಿಮ್ಮನ್ನು ಕಡಿಮೆ ಎಂದುಕೊಳ್ಳುವುದಿಲ್ಲ. ಪುಸ್ತಕ ಹೊರಗೆ ಬರಬೇಕು ಎಂಬ ಆಸೆ ನನಗೂ ಇದೆ. ನಿಮಗೆ ಏನು ಹೇಳಬೇಕೋ ತಿಳಿಯದೆ ಇಪ್ಪತ್ತೇಳು ದಿನ ತಡಮಾಡಿದೆ.

ನಿಮ್ಮ ತಮ್ಮನಂಥವನು


ಆಗಸ್ಟ್ ೨೬

ತಮ್ಮಾ,

ನೀನು ಸಂಪಾದಕನಲ್ಲ ಎಂದು ಓದಿ ಒಂದು ರಾತ್ರಿ ನಿನಗೆ ಬಾಯಿ ತುಂಬ ಬೈದೆ. ಆರು ತಿಂಗಳು ಸಂಪಾದಕರೇ ಸಂಪಾದಕರೇ ಎನ್ನಿಸಿಕೊಂಡೆಯಲ್ಲ. ಮಾರನೇ ದಿನ ಕುಳ್ಳಿಗೆ ಹೇಳಿದರೆ ನಕ್ಕುಬಿಟ್ಟಳು. ‘ಮೂಟೆ ಬಾಗಿಲಲ್ಲಿ ಕೂರೋನು ಅನ್ನು. ನಮ್ಮೋನೇ’ ಎಂದಳು. ಅಲ್ಲಿಗೆ ನಿನ್ನ ತಪ್ಪು ಮಾಫಿ.

ಈಗ ನನ್ನ ತಪ್ಪು ಕೇಳು. ಒಪ್ಪಂದದ ಪತ್ರ ಬಂದಮೇಲೆ ನಾಲ್ಕು ದಿನ ಅದನ್ನು ಕುಳ್ಳಿಗೆ ತೋರಿಸಲಿಲ್ಲ. ಲಕೋಟೆಯ ಹಿಂದುಗಡೆ ನನ್ನ ಸಹಿ ಬರೆದು ಬರೆದು ನೋಡಿದೆ, ಯಾವ ಥರ ಹಾಕಿದರೆ ಚೆನ್ನಾಗಿರುತ್ತದೆ ಎಂದು. ನಾನೇನು ಸನ್ಯಾಸಿನಿಯಲ್ಲ. ಪುಸ್ತಕ ಬೇಕಿತ್ತು, ಎದೆ ಉರಿಯುವಷ್ಟು ಬೇಕಿತ್ತು. ಮಗಳೂ ‘ಹಾಕಮ್ಮ, ಎರಡನೇ ಪುಸ್ತಕಕ್ಕೆ ಅವರ ಹೆಸರು ಹಾಕಿಸಿದ್ರಾಯ್ತು’ ಎಂದಳು. ಎರಡನೇ ಪುಸ್ತಕ ಎಲ್ಲಿಂದ ಬರುತ್ತದೆ? ಎದುರಿಗೆ ಚಿಮ್ಮಟ ನಿಂತಿದೆ.

ಐದನೇ ದಿನ ಕುಳ್ಳಿಯ ಕೋಣೆಗೆ ಹೋಗಿ ಪೂರ್ತಿ ಓದಿ ಹೇಳಿದೆ. ಅವಳು ಎಡಗೈಯಲ್ಲಿ ಲೋಟ ತೊಳೆಯುತ್ತಾ ಕೇಳಿಸಿಕೊಂಡಳು. ‘ಹಾಕೇ ಸಹಿ. ನನ್ ಹೆಸ್ರು ಹಾಕ್ಸಿ ಏನ್ ಮಾಡ್ತೀಯ, ನಂಗದು ಓದೋಕೂ ಬರಲ್ಲ. ನಿಂದಿದ್ರೆ ನಂದಿದ್ದಂಗೇ’ ಎಂದಳು. ಎರಡನೇ ಲೋಟ ತೊಳೆದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: ‘ಸುಮ್ನೆ ಕೇಳ್ತೀನಿ. ಹಾಕಿದ್ರೆ ಎಷ್ಟ್ ದೊಡ್ಡದಾಗಿ ಹಾಕ್ತಾರೆ?’

ನಾನು ಎರಡು ಬೆರಳು ಅಗಲ ಮಾಡಿ ತೋರಿಸಿದೆ. ತಿರುಗಿ ನೋಡಿದಳು. ತುಂಬ ಹೊತ್ತು ನೋಡಿದಳು.

ನನಗೆ ಅಷ್ಟು ಸಾಕಾಯಿತು. ನಾಲ್ಕು ದಿನ ಪೆನ್ನು ಹಿಡಿದು ಕೂತಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನ್ನಿಸಿತು.

ಮಾರನೇ ದಿನ ದಾಸ್ತಾನು ಕೋಣೆಯವನ ಹತ್ತಿರ ಮಸಿಯ ಡಬ್ಬಿ ಇಸಿದುಕೊಂಡು ಬಂದೆ. ಒಪ್ಪಂದದ ಪತ್ರದಲ್ಲಿ ‘ಲೇಖಕರ ಸಹಿ’ ಎಂಬ ಗೆರೆಯ ಮೇಲೆ ಇಬ್ಬರ ಹೆಸರನ್ನೂ ಬರೆದೆ. ಅದರ ಕೆಳಗೆ ಕುಳ್ಳಿ ತನ್ನ ಎಡಗೈ ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲೇ ನಾನೂ ನನ್ನ ಹೆಬ್ಬೆಟ್ಟು ಒತ್ತಿದೆ. ಯಾವುದು ಯಾರದು ಎಂದು ಬರೆದಿಲ್ಲ, ಬರೆಯುವುದೂ ಇಲ್ಲ.

ನಿಮ್ಮ ಮಾಲೀಕರು ಭೂತಗನ್ನಡಿ ಹಿಡಿದು ನೋಡಲಿ. ಇಬ್ಬರ ಹೆಬ್ಬೆಟ್ಟಿನಲ್ಲೂ ಒಂದು ಗೆರೆಯೂ ಮೂಡಿಲ್ಲ. ಇಪ್ಪತ್ತಾರು ವರ್ಷ ಬ್ಲೀಚಿನ ನೀರು, ಬಿಸಿ ಬಟ್ಟೆ ತಿಕ್ಕಿ ತಿಕ್ಕಿ ನಮ್ಮ ಬೆರಳು ನುಣ್ಣಗಾಗಿವೆ. ಲಾಂಡ್ರಿಯ ಹಾಜರಿ ಯಂತ್ರಕ್ಕೂ ನಮ್ಮ ಗುರುತು ಹತ್ತುವುದಿಲ್ಲ. ಎರಡು ಕಪ್ಪು ಮಚ್ಚೆ, ಅಷ್ಟೇ. ಅದರಲ್ಲಿ ಅಕ್ಷರ ಬರುವವಳದು ಯಾವುದು, ಬಾರದವಳದು ಯಾವುದು ಎಂದು ಅವರೇ ಹೇಳಲಿ. ಸರಿಯಾಗಿ ಹೇಳಿದರೆ ನಾನು ಒಬ್ಬಳೇ ಲೇಖಕಿ ಎಂದು ಒಪ್ಪಿಕೊಳ್ಳುತ್ತೇನೆ.

ಹೇಳಲಾಗದಿದ್ದರೆ ಎರಡು ಹೆಸರು.

ನಿನ್ನ ಅಕ್ಕ,
ಕೊಕ್ಕರೆ


ಅಕ್ಟೋಬರ್ ೧೯

ಅಕ್ಕಾ,

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣವಿದೆ. ಏನಾದರೂ ಆಗುವವರೆಗೆ ಬರೆಯುವುದಿಲ್ಲ ಎಂದುಕೊಂಡಿದ್ದೆ. ಈಗ ಆಗಿದೆ.

ಒಪ್ಪಂದದ ಪತ್ರ ನೋಡಿ ಮಾಲೀಕರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಕಿಟಕಿಯ ಹತ್ತಿರ ಒಯ್ದು ನೋಡಿದರು. ‘ಇದ್ರಲ್ಲಿ ಬರ್ದಿರೋಳದು ಯಾವ್ದಯ್ಯ?’ ಎಂದರು.

‘ಗೊತ್ತಿಲ್ಲ ಸಾರ್.’

‘ಕಾಗ್ದ ಬರ್ದು ಕೇಳು.’

‘ಕೇಳಲ್ಲ ಸಾರ್.’

ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಅಂಥ ಮಾತು ಆಡಿರಲಿಲ್ಲ. ಸಂಪಾದಕಿಯವರು ನನ್ನ ಪಕ್ಕ ಬಂದು ನಿಂತರು. ‘ಎರಡು ಹೆಸ್ರು ಹಾಕಿದ್ರೆ ನಮ್ಗೇನ್ ಸಾರ್ ನಷ್ಟ?’ ಎಂದರು. ಮಾಲೀಕರು ಕಾಗದವನ್ನು ಖಾನೆಗೆ ಹಾಕಿ ಬೀಗ ಹಾಕಿದರು. ಕಟ್ಟು ವಾಪಸ್ಸು ಕಳಿಸು ಎಂದೂ ಹೇಳಲಿಲ್ಲ, ಅಚ್ಚಿಗೆ ಕೊಡು ಎಂದೂ ಹೇಳಲಿಲ್ಲ. ಸೆಪ್ಟೆಂಬರ್ ಹೀಗೇ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ.

ಕಳೆದ ಸೋಮವಾರ ಮುದ್ರಣಾಲಯದವರು ಮುಖಪುಟದ ವಿವರ ಕೇಳಿ ಆಳು ಕಳಿಸಿದರು. ಇವತ್ತು ಕೊಡದಿದ್ದರೆ ನವೆಂಬರಿಗೆ ಆಗುವುದಿಲ್ಲವೆಂದರು. ನಾನು ಮಾಲೀಕರ ಹತ್ತಿರ ಹೋಗಿ ಹೆಸರು ಏನು ಬರೆಯಲಿ ಎಂದೆ. ಅವರು ಬೇರೆ ಏನೋ ಕೆಲಸದಲ್ಲಿದ್ದರು, ತಲೆ ಎತ್ತದೆ ರೇಗಿದರು. ‘ಎರಡ್ರಲ್ಲಿ ಯಾವ್ದೋ ಒಂದು ಹಾಕಿ ಕಳ್ಸಯ್ಯ. ಲೇಖಕರನ್ನ ಆರ್ಸೋದು ನಿನ್ ಕೆಲ್ಸ ಅಲ್ಲ. ನಿನ್ ಕೆಲ್ಸ ರವಾನೆ ಮಾಡೋದು, ಮಾಡು.’

ಮುಖಪುಟದ ಚೀಟಿಯಲ್ಲಿ ಇಬ್ಬರ ಹೆಸರನ್ನೂ ಬರೆದೆ. ಮೊದಲು ಕುಳ್ಳಿಯಕ್ಕನದು, ಆಮೇಲೆ ನಿಮ್ಮದು. ಪ್ರತಿ ಬೆಡ್‌ಶೀಟಿನ ಮೊದಲ ಮಾತು ಅವರದೇ ಅಲ್ಲವೇ, ನೀವು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಗೊತ್ತು. ಎರಡೂ ಹೆಸರು ಒಂದೇ ಅಳತೆ. ಕಚೇರಿಯ ಮೊಹರು ಹಾಕಿ ರವಾನೆ ಪುಸ್ತಕದಲ್ಲಿ ನಮೂದಿಸಿದೆ.

ಮುಖಪುಟ ಒಂದು ಸಾವಿರ ಪ್ರತಿ ಅಚ್ಚಾಗಿ ನಿನ್ನೆ ಬಂದಿದೆ. ಒಂದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ, ಕುಳ್ಳಿಯಕ್ಕನ ಕೈಗೇ ಕೊಡಿ. ಉಳಿದವನ್ನು ನಾಳೆ ಬೆಳಿಗ್ಗೆ ನಾನೇ ಮಾಲೀಕರ ಮೇಜಿನ ಮೇಲೆ ಇಡುತ್ತೇನೆ. ಅವರು ಕೂಗಾಡಬಹುದು, ಕೆಲಸದಿಂದ ತೆಗೆಯಬಹುದು. ಹೆಂಡತಿಗೆ ಹೇಳಿದ್ದೇನೆ. ‘ತೆಗೀಲಿ ಬಿಡಿ’ ಎಂದಳು.

ರವಾನೆ ಮಾಡು ಎಂದಿದ್ದರು. ಮಾಡಿದ್ದೇನೆ.

ನಿಮ್ಮ ತಮ್ಮ